ಹೊತ್ತು ಮುಳುಗುವ ಮುನ್ನ ಒಂದು ಮಾತ್ರೆ



ಈ ಬರಹವನ್ನು ಒಬ್ಬರೇ ಬರೆದಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದ ಮೂವರು ನೆಗೆಣ್ಣಿಯರು ಮಧ್ಯಾಹ್ನದ ಕೆಲಸ ಮುಗಿಸಿ ಪಡಸಾಲೆಯಲ್ಲಿ ಕುಳಿತು, ಒಬ್ಬರು ಹೇಳಿ, ಒಬ್ಬರು ತಿದ್ದಿ, ಮತ್ತೊಬ್ಬರು ಕಾಗದಕ್ಕೆ ಇಳಿಸಿದ್ದು. ಆದ್ದರಿಂದ ‘ನಾವು’ ಎಂದೇ ಬರೆಯುತ್ತೇವೆ. ಹೆಸರು ಹಾಕಬಾರದೆಂದು ಹಿರಿಯಾಕೆಯ ಕಟ್ಟಪ್ಪಣೆಯಾಗಿದೆ. ಆಕೆಯನ್ನು ನಾವಿಬ್ಬರು ಕಿರಿಯರು ಅಕ್ಕ ಎನ್ನುತ್ತೇವೆ. ಈ ಬರಹದಲ್ಲಿಯೂ ಅಕ್ಕನೇ.

ನಮ್ಮದು ಜತ್ತ. ಜಿಲ್ಲೆ ಸಾಂಗಲಿ, ಪೇಟೆಯ ವ್ಯವಹಾರ ಮರಾಠಿ, ಮನೆಯ ಮಾತು ಕನ್ನಡ. ಮಾಲದಂಡಿ ಜೋಳ, ತೊಗರಿ, ಕಡಲೆ, ಈಚೆಗೆ ಒಣದ್ರಾಕ್ಷಿಯದೂ ಸೇರಿ ಅಡತಿ ಅಂಗಡಿ ಇದೆ. ಗಂಡಂದಿರು ಮೂವರೂ ಅಲ್ಲಿಯೇ. ಒಲೆ ಇಂದಿಗೂ ಒಂದೇ. ಈ ಸಂಗತಿ ಆರಂಭವಾದಾಗ ಅಕ್ಕನಿಗೆ 52, ನಡುವಿನಾಕೆಗೆ 49, ಕಿರಿಯಾಕೆಗೆ 46.

2022ರ ಏಪ್ರಿಲ್ ತಿಂಗಳು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿದ್ದದ್ದೇ. ರಾತ್ರಿ ಎರಡರ ಸುಮಾರಿಗೆ ಕಿರಿಯಾಕೆ ಸೆಕೆ ತಾಳದೆ ಮಾಳಿಗೆ ಏರಿದಳು. ಅಲ್ಲಿ ಗೋಡೆಗೆ ಒರಗಿ ಯಾರೋ ಕುಳಿತಂತೆ ಕಂಡು ಎದೆ ಝಲ್ಲೆಂದಿತು. ಅಕ್ಕ! ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಯಾಕ ಅಕ್ಕಾ, ನಿದ್ದಿ ಬರವಲ್ದೇನು?”

“ನನಗ ನಿದ್ದಿ ಬರಲಾರದಕ್ಕ ಒಂದೂವರಿ ವರ್ಷ ಆತು. ನೀ ಯಾಕ ಎದ್ದಿ?”

ಈ ಮಾತು ನಡೆದಿರುವಾಗಲೇ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ನಡುವಿನಾಕೆಯೂ ಬಂದಳು. ಮೂವರಿಗೂ ಒಮ್ಮೆಲೇ ನಗು ಬಂದು, ಕೆಳಗೆ ಮಲಗಿದವರು ಏಳಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡೆವು.

ನಗು ನಿಂತ ಮೇಲೆ ನಾಚಿಕೆಯಾಯಿತು. ಆ ಒಂದೂವರೆ ವರ್ಷ ಅಕ್ಕನ ಸಿಟ್ಟಿನ ಬಗ್ಗೆ ನಾವಿಬ್ಬರೂ ಎಷ್ಟೋ ಸಲ ಗೊಣಗಿದ್ದೆವು. ಉಪ್ಪು ಹೆಚ್ಚಾದರೆ ಸಿಟ್ಟು, ಹಾಲು ಉಕ್ಕಿದರೆ ಸಿಟ್ಟು. “ಹಿರೇಸೊಸಿ ಅನ್ನೋ ಗತ್ತು” ಎಂದು ನಮ್ಮ ನಮ್ಮಲ್ಲೇ ಆಡಿಕೊಂಡಿದ್ದೆವು. ಆಕೆ ರಾತ್ರಿ ಮೂರು ತಾಸು ಮಲಗಿ ಹಗಲು ಹನ್ನೆರಡು ಜನರ ಅಡಿಗೆ ಮಾಡುತ್ತಿದ್ದಳೆಂಬುದು ನಮಗೆ ತಿಳಿದಿರಲಿಲ್ಲ. ಇನ್ನೂ ಒಂದು ಮಾತು. ಅಕ್ಕ ಕೆಲವು ವರ್ಷಗಳ ಹಿಂದೆ ಚಾತುರ್ಮಾಸದಲ್ಲಿ ಮುನಿ ಮಹಾರಾಜರ ಬಳಿ ರಾತ್ರಿ ಚತುರ್ವಿಧ ಆಹಾರತ್ಯಾಗದ ನಿಯಮ ತೆಗೆದುಕೊಂಡವಳು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವುದಿಲ್ಲ. ಮೈ ಝಳ ಹೊಡೆದು, ಕುಪ್ಪಸ ತೊಯ್ದು, ಬಾಯಿ ಒಣಗಿದರೂ ಬೆಳಗಿನ ತನಕ ಕಾಯಬೇಕು.

ನಮ್ಮ ಅತ್ತೆಯವರ ಕಾಲದಲ್ಲಿ ಇದಕ್ಕೊಂದು ಹೆಸರೂ ಇರಲಿಲ್ಲ. ಮುಟ್ಟು ನಿಂತರೆ ಒಳ್ಳೆಯದೇ ಆಯಿತು, ಇನ್ನು ಹೊರಗೆ ಕೂಡುವ ತಾಪತ್ರಯವಿಲ್ಲ, ತಿಂಗಳೆಲ್ಲ ಬಸದಿಗೆ ಹೋಗಬಹುದು ಎಂಬ ನೆಮ್ಮದಿಯೊಂದೇ ನಮಗೂ ಗೊತ್ತಿದ್ದದ್ದು. ಹನ್ನೆರಡು ತಿಂಗಳು ಪೂರ್ತಿ ಮುಟ್ಟು ಕಾಣದಿದ್ದರೆ ಋತುಬಂಧವಾಯಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ನಮ್ಮ ದೇಶದ ಹೆಂಗಸರಲ್ಲಿ ಅದರ ಸರಾಸರಿ ವಯಸ್ಸು ಸುಮಾರು 46-47. ಆದರೆ ಅದಕ್ಕೆ ನಾಲ್ಕಾರು ವರ್ಷ ಮುಂಚೆಯೇ ಈಸ್ಟ್ರೋಜನ್ ಹಾರ್ಮೋನು ಏರುಪೇರಾಗತೊಡಗುತ್ತದೆ. ಮಿದುಳಿನಲ್ಲಿ ಮೈಯ ಶಾಖವನ್ನು ಕಾಯುವ ಜಾಗವಿದೆ. ಈಸ್ಟ್ರೋಜನ್ ಇಳಿದಾಗ ಅದು ತೀರ ಸೂಕ್ಷ್ಮವಾಗಿ, ಸ್ವಲ್ಪ ಕಾವು ಏರಿದರೂ ಬೆವರು ಸುರಿಸಿ ತಂಪು ಮಾಡಲು ಹೊರಡುತ್ತದೆ. ಅದರಿಂದಲೇ ಝಳ, ಬೆವರು, ನಡುರಾತ್ರಿಯ ಎಚ್ಚರ. ಇದನ್ನೆಲ್ಲ ನಾವು ಕಲಿತದ್ದು ಆಮೇಲೆ. ಆ ರಾತ್ರಿ ತಿಳಿದದ್ದು ಇಷ್ಟೇ: ಒಂದೇ ಮನೆಯಲ್ಲಿ ಮೂವರು ಬೇರೆ ಬೇರೆ ಕೋಣೆಯಲ್ಲಿ ಎಚ್ಚರಿದ್ದು, ತಾನೊಬ್ಬಳೇ ಎಂದುಕೊಂಡಿದ್ದೆವು.

ಅದೇ ವರ್ಷ ಡಿಸೆಂಬರಿನಲ್ಲಿ ಪುಣೆಯ ಬೀಗರ ಮನೆಯಲ್ಲಿ ಮದುವೆ. ಮಾತಿಗೆ ಮಾತು ಬಂದು, ಅವರ ಮಗ ಅಮೆರಿಕದಿಂದ ತಂದಿದ್ದ ಎರಡು ಬಾಟಲಿಗಳನ್ನು ಬೀಗತಿಯವರು ನಮ್ಮ ಕೈಗಿತ್ತರು. “ಮೆಗ್ನೀಷಿಯಂ. ನಿದ್ದೆಯ ಗುಳಿಗೆಯಲ್ಲ, ಚಟ ಹತ್ತುವುದಿಲ್ಲ. ಮಲಗುವಾಗ ಒಂದು ನುಂಗಿರಿ” ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಾವಿಬ್ಬರು ಮಲಗುವಾಗ ನುಂಗತೊಡಗಿದೆವು. ಅಕ್ಕನಿಗೆ ರಾತ್ರಿ ಸಲ್ಲದಲ್ಲ! ಆಕೆ ಹತ್ತು ವರ್ಷದಿಂದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅದರ ಜೊತೆಗೇ ಇದನ್ನೂ ನುಂಗಿದರಾಯಿತೆಂದು ನಾವೇ ದಾರಿ ತೋರಿಸಿದೆವು. ನಿಯಮಕ್ಕೂ ಭಂಗವಿಲ್ಲ, ಮರೆಯುವುದೂ ಇಲ್ಲ ಎಂದು ಬೀಗಿದೆವು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಸಂಕ್ರಾಂತಿಗೆ ನಡುವಿನಾಕೆಯ ಮಗಳು ಬಂದಳು. ಅವಳು ಕೊಲ್ಹಾಪುರದಲ್ಲಿ ಬಿ.ಫಾರ್ಮ್ ಓದುವವಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುರಿಯುತ್ತ ಬಾಟಲಿ ತಿರುಗಿಸಿ ನೋಡಿದವಳು ಸುಮ್ಮನಾದಳು. “ದೊಡ್ಡವ್ವಾ, ಇದರ ಟೊಪ್ಪಿಗಿ ಜಿಲೆಟಿನ್ದು ಐತಿ” ಎಂದಳು. ಟೊಪ್ಪಿಗೆಯೆಂದರೆ ಪುಡಿ ತುಂಬಿದ ಹೊರಕವಚ, ಕ್ಯಾಪ್ಸೂಲು. ಜಿಲೆಟಿನ್ ಎಂದರೆ ದನ ಹಂದಿಗಳ ಚರ್ಮ ಮತ್ತು ಎಲುಬು ಕುದಿಸಿ ತೆಗೆದದ್ದು. ಒಂದು ತಿಂಗಳಿಗೂ ಹೆಚ್ಚು ದಿನ ನುಂಗಿದ್ದೆವು. ಅಕ್ಕ ಅಂದು ಊಟ ಮಾಡಲಿಲ್ಲ. ಮರುದಿನವೂ ಉಪವಾಸ ಮಾಡಿ ಬಸದಿಯಲ್ಲಿ ಕುಳಿತಳು. ಅತ್ತೆಯವರು ಬೈಯಲಿಲ್ಲ. “ಜ್ವಾಳಾ ತಗೊಳ್ಳುವಾಗ ಚೀಲಕ್ಕ ಬಂಬು ಹಾಕಿ ನೋಡ್ತೀರಿ, ಬಾಯಾಗ ಹಾಕ್ಕೊಳ್ಳೋದನ್ನ ನೋಡಲಿಲ್ಲ” ಎಂದರು. ಅದು ಬೈಗಳಿಗಿಂತ ಹೆಚ್ಚಾಯಿತು.

ಅಂದಿನಿಂದ ನಾವು ಚೀಟಿ ಓದುವುದನ್ನು ಕಲಿತೆವು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಉಪಯೋಗವಾಗಬಹುದೆಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ. ನಮ್ಮ ದೇಶದಲ್ಲಿ ಪೂರಕ ಆಹಾರವೆಂದು ಮಾರುವ ಡಬ್ಬಿಗಳ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇರುತ್ತದೆ, ಅದನ್ನು ನೋಡಬಹುದು. ಔಷಧವೆಂದು ಮಾರುವ ಮಾತ್ರೆಗಳಿಗೆ ಆ ಗುರುತು ಕಡ್ಡಾಯವಿಲ್ಲ. ಪರದೇಶದಿಂದ ಯಾರೋ ಚೀಲದಲ್ಲಿ ತಂದದ್ದರ ಮೇಲಂತೂ ಇರುವುದೇ ಇಲ್ಲ. ಅಲ್ಲಿ ಸಣ್ಣ ಅಕ್ಷರ ಓದಬೇಕು. ಕವಚ ‘ಎಚ್‌ಪಿಎಂಸಿ’ ಅಥವಾ ‘ಸೆಲ್ಯುಲೋಸ್’ ಎಂದಿದ್ದರೆ ಗಿಡಮರದ ನಾರಿನದು. ‘ಮೆಗ್ನೀಷಿಯಂ ಸ್ಟಿಯರೇಟ್’ ಎಂಬುದು ಬೇರೆ. ಹೆಸರಿನಲ್ಲಿ ಮೆಗ್ನೀಷಿಯಂ ಇದ್ದರೂ ಅದು ಮಾತ್ರೆ ಯಂತ್ರಕ್ಕೆ ಅಂಟದಿರಲು ಹಾಕುವ ಚಿಟಿಕೆ ಪುಡಿ. ಅದನ್ನು ತಾಳೆಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ. ಇದೇ ಗುಂಗಿನಲ್ಲಿ ಮನೆಯ ಔಷಧದ ಡಬ್ಬಿಯನ್ನೆಲ್ಲ ನೆಲದ ಮೇಲೆ ಸುರುವಿದಾಗ ಮತ್ತೊಂದು ಬಯಲಾಯಿತು. ಅತ್ತೆಯವರು ವರ್ಷಗಟ್ಟಲೆ ನುಂಗಿದ ಸುಣ್ಣದ ಮಾತ್ರೆ, ಅಂದರೆ ಕ್ಯಾಲ್ಸಿಯಂ, ಸಮುದ್ರದ ಸಿಂಪಿಯ ಚಿಪ್ಪಿನಿಂದ ಮಾಡಿದ್ದು! ಚೀಟಿಯ ಮೇಲೆ ‘ಆರ್ಗ್ಯಾನಿಕ್ ಮೂಲ’ ಎಂದು ಅಂದವಾಗಿ ಬರೆದು, ಕೆಳಗೆ ಸಣ್ಣದಾಗಿ ಚಿಪ್ಪಿನ ಹೆಸರಿತ್ತು. ಡಿ-3 ಜೀವಸತ್ವವನ್ನು ಬಹುಮಟ್ಟಿಗೆ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರೆ. ಕುರಿ ಸಾಯುವುದಿಲ್ಲ, ಆದರೂ ಒಪ್ಪುವುದು ಬಿಡುವುದು ಅವರವರ ವಿಚಾರ. ಸಿಂಪಿಯಿಲ್ಲದ ಕ್ಯಾಲ್ಸಿಯಂ ಸಿಗುತ್ತದೆ, ಕಲ್ಲುಹೂವಿನಿಂದ ತೆಗೆದ ಡಿ-3 ಸಿಗುತ್ತದೆ, ಜಿಲೆಟಿನ್ ಇಲ್ಲದ ಮೆಗ್ನೀಷಿಯಂ ಸಿಗುತ್ತದೆ. ಕೇಳಬೇಕಷ್ಟೆ.

ಇನ್ನು ತೂಕದ ಮಾತು. ಇದನ್ನು ವ್ಯಾಪಾರಸ್ಥರ ಮನೆಯವರಿಗೆ ಹೇಳುವುದು ಸುಲಭ. ಡಬ್ಬಿಯ ಮೇಲೆ ‘ಮೆಗ್ನೀಷಿಯಂ ಗ್ಲೈಸಿನೇಟ್ 1000 ಮಿ.ಗ್ರಾಂ.’ ಎಂದಿದ್ದರೆ ಅದು ಬಾರದಾನ ಸಮೇತ ತೂಕ. ಒಳಗಿನ ನಿವ್ವಳ ಮೆಗ್ನೀಷಿಯಂ ಸುಮಾರು 140 ಮಿ.ಗ್ರಾಂ. ಮಾತ್ರ. ಆಕ್ಸೈಡ್ ಎಂಬ ಬಗೆಯಲ್ಲಿ ನೂರಕ್ಕೆ ಅರವತ್ತು ಪಾಲು ನಿವ್ವಳ ಇರುತ್ತದೆ, ಆದರೆ ಮೈಗೆ ಹತ್ತುವುದು ಕಡಿಮೆ, ಹೊಟ್ಟೆ ಸಡಿಲವಾಗುವುದು ಹೆಚ್ಚು. ಮಲಬದ್ಧತೆಗೆ ಕುಡಿಯುವ ಬಿಳಿ ಔಷಧ ‘ಮಿಲ್ಕ್ ಆಫ್ ಮೆಗ್ನೀಷಿಯಾ’ ಇದೇ ವಂಶದ್ದು. ನಮಗೆ ಸಿಕ್ಕದ್ದು ಆಕ್ಸೈಡ್, ನಿವ್ವಳ 500 ಮಿ.ಗ್ರಾಂ. ಅಮೆರಿಕದವರೇ ಹಾಕಿಕೊಂಡ ಲೆಕ್ಕದಲ್ಲಿ ಮೂವತ್ತು ದಾಟಿದ ಹೆಂಗಸಿಗೆ ದಿನಕ್ಕೆ ಎಲ್ಲ ಸೇರಿ 320 ಮಿ.ಗ್ರಾಂ. ಬೇಕು, ಮಾತ್ರೆಯ ರೂಪದಲ್ಲಿ 350 ದಾಟಬಾರದು. ನಡುವಿನಾಕೆ ಬೆಳಿಗ್ಗೆ ಐದು ಸಲ ಹಿತ್ತಲಿಗೆ ಓಡಿದ್ದರಲ್ಲಿ ಆಶ್ಚರ್ಯವೇನು?

ಸಂಕ್ರಾಂತಿಯ ಮೇಲೆ ಹಸಿರು ಚುಕ್ಕೆಯ, ಗ್ಲೈಸಿನೇಟ್ ಬಗೆಯ ಮಾತ್ರೆ ತರಿಸಿದೆವು. ಗುಣ ಬಂತೇ ಎಂದು ಕೇಳುತ್ತೀರಿ. ಇದ್ದದ್ದು ಇದ್ದಂತೆ ಹೇಳುತ್ತೇವೆ. ಕಿರಿಯಾಕೆಗೆ ಮಲಗಿದ ಮೇಲೆ ಹೊರಳಾಡುವುದು ಕಡಿಮೆಯಾಯಿತು. ನಡುರಾತ್ರಿಯ ಎಚ್ಚರ ಹೋಗಲಿಲ್ಲ. ನಡುವಿನಾಕೆಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಎರಡು ತಿಂಗಳಿಗೆ ಬಿಟ್ಟಳು. ಶಾಸ್ತ್ರೀಯವಾಗಿ ನೋಡಿದವರ ಮಾತೂ ಹೆಚ್ಚುಕಡಿಮೆ ಹೀಗೆಯೇ ಇದೆ. ವಯಸ್ಸಾದವರ ನಿದ್ರಾಹೀನತೆಯ ಮೇಲೆ ನಡೆದ ಮೂರು ಪ್ರಯೋಗಗಳನ್ನು ಕೂಡಿಸಿ 2021ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಮೆಗ್ನೀಷಿಯಂ ತೆಗೆದುಕೊಂಡವರಿಗೆ ಸುಮಾರು 17 ನಿಮಿಷ ಬೇಗ ನಿದ್ದೆ ಹತ್ತಿತೆಂದಿದೆ. ಒಟ್ಟು ಜನ ಬರಿ 151, ಆಧಾರ ಗಟ್ಟಿಯಲ್ಲವೆಂದು ಅವರೇ ಒಪ್ಪಿದ್ದಾರೆ. ಮೈ ಝಳದ ಬಗ್ಗೆಯಂತೂ, ಸ್ತನದ ಕ್ಯಾನ್ಸರ್ ಆಗಿ ಗುಣವಾದ ಹೆಂಗಸರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ ಮೆಗ್ನೀಷಿಯಂಗೂ ಬರಿ ಹುಸಿಮಾತ್ರೆಗೂ ಭೇದವೇ ಕಾಣಲಿಲ್ಲ. ಹಾಗೆಂದು ಮೆಗ್ನೀಷಿಯಂ ನಿರುಪಯೋಗಿ ವಸ್ತುವಲ್ಲ. ನರ, ಸ್ನಾಯು, ಎಲುಬು ಎಲ್ಲಕ್ಕೂ ಅದು ಬೇಕು. ಮೈಯಲ್ಲಿರುವುದರ ಅರ್ಧಕ್ಕಿಂತ ಹೆಚ್ಚು ಪಾಲು ಎಲುಬಿನಲ್ಲಿದೆ, ರಕ್ತದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಕೊರತೆ ಇದ್ದವರಿಗೆ ಗುಣ ಕಾಣಬಹುದು. ಝಳ ನಿಲ್ಲಿಸುವ ಔಷಧವೆಂದು ಮಾತ್ರ ನಂಬಬೇಡಿ.

ಅಕ್ಕನ ಕಥೆಗೆ ಬರುತ್ತೇವೆ. ಇದನ್ನು ಬರೆಯಲಿಕ್ಕೆಂದೇ ಈ ಬರಹ.

2023ರ ಮಾರ್ಚಿನಿಂದ ಅಕ್ಕ ಮಂಕಾಗತೊಡಗಿದಳು. ಮೊದಲು ನಿದ್ದೆ ಬರುತ್ತಿರಲಿಲ್ಲ. ಈಗ ಹಗಲು ತೂಕಡಿಕೆ, ಮುಖ ಊದಿದಂತೆ, ದನಿ ದಪ್ಪ. ತಲೆ ಬಾಚಿದರೆ ಕೈತುಂಬ ಕೂದಲು. ಏಪ್ರಿಲಿನಲ್ಲಿ ಮಹಾವೀರ ಜಯಂತಿಯ ಪಾಲಕಿಗೆ ಬಸದಿಯಿಂದ ನಾಲ್ಕು ಹೆಜ್ಜೆ ಹಾಕಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಾವು ಏನೆಂದೆವು? “ವಯಸ್ಸಿಂದು ಅಕ್ಕಾ, ಮುಟ್ಟು ನಿಂತ ಮ್ಯಾಲ ಹಿಂಗ ಆಗತೈತಿ.” ಒಂದು ಮಾತ್ರೆ ಸಾಲದೇನೋ ಎಂದು ಎರಡು ಮಾಡಿದೆವು. ಅಷ್ಟೂ ದಿನ ಎರಡನ್ನೂ ಬೆಳಗಿನ ಥೈರಾಯ್ಡ್ ಮಾತ್ರೆಯ ಜೊತೆಗೇ ಕೊಡುತ್ತಿದ್ದೆವು.

ಜೂನ್ ತಿಂಗಳಲ್ಲಿ ಅಂಗಡಿಯಿಂದ ಬಂದ ಭಾವನವರು ಅಕ್ಕ ಒಲೆಯ ಮುಂದೆ ಕುಳಿತಲ್ಲೇ ನಿದ್ದೆ ಹೋದದ್ದನ್ನು ಕಂಡರು. ಬದಿಯಲ್ಲಿ ಉರಿಯುವ ಒಲೆ, ಇಳಿಬಿದ್ದ ಸೆರಗು. ಇನ್ನು ಒಂದು ಗೇಣು ಸರಿದಿದ್ದರೆ! ಮರುದಿನವೇ ಮಿರಜಿಗೆ ಕರೆದೊಯ್ದರು.

ಅಲ್ಲಿಯ ಡಾಕ್ಟರಬಾಯಿ ರಕ್ತ ಪರೀಕ್ಷೆ ಮಾಡಿಸಿದರು. ಹಿಂದಿನ ವರ್ಷ 3ರ ಒಳಗಿದ್ದ ಟಿಎಸ್‌ಎಚ್ ಅಂಕಿ 14 ದಾಟಿತ್ತು. “ಮಾತ್ರೆ ಬಿಟ್ಟಿದ್ದೀರೇನು?” ಎಂದು ಕೇಳಿದರು. ಅಕ್ಕ ಒಂದು ದಿನವೂ ಬಿಟ್ಟವಳಲ್ಲ. “ಹಾಗಾದರೆ ಅದರ ಜೊತೆ ಮತ್ತೇನು ತೆಗೆದುಕೊಳ್ಳುತ್ತೀರಿ?” ಎಂದರು. ಕಿರಿಯಾಕೆ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಬಾಯಿ ಹಣೆ ಒತ್ತಿಕೊಂಡರು. ಮೆಗ್ನೀಷಿಯಂ, ಕ್ಯಾಲ್ಸಿಯಂ, ಕಬ್ಬಿಣ ಈ ಮೂರೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲಿಯೇ ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತವೆ. ನಡುವೆ ನಾಲ್ಕು ತಾಸು ಅಂತರ ಬೇಕೇ ಬೇಕು. ಅಂದರೆ ಆರು ತಿಂಗಳು ಅಕ್ಕ ಥೈರಾಯ್ಡ್ ಮಾತ್ರೆ ನುಂಗಿಯೂ ಅದರ ಗುಣ ಪೂರ್ತಿ ಮೈಗೆ ಸೇರಲಿಲ್ಲ. ಕೈಯಾರೆ ನಾವೇ ಮಾಡಿದ್ದು.

ಅಕ್ಕ ನಿಯಮದ ವಿಷಯ ಹೇಳಲು ಹಿಂಜರಿದಳು. ದೊಡ್ಡ ಡಾಕ್ಟರರು ನಕ್ಕಾರೆಂಬ ಅಳುಕು. ನಾವೇ ಹೇಳಿದೆವು. ಅವರು ನಗಲಿಲ್ಲ. “ಇದನ್ನು ಮೊದಲೇ ಹೇಳಬೇಕಿತ್ತು. ಮಲಗುವಾಗಲೇ ತೆಗೆದುಕೊಳ್ಳಬೇಕೆಂದು ಯಾರು ಹೇಳಿದರು? ನೀವು ಸಂಜೆ ಎಷ್ಟು ಗಂಟೆಗೆ ಊಟ ಮಾಡುತ್ತೀರಿ?” ಎಂದು ಮರಾಠಿಯಲ್ಲಿ ಕೇಳಿದರು. ಐದೂವರೆ ಎಂದೆವು. “ಅದರ ಜೊತೆಗೇ ತೆಗೆದುಕೊಳ್ಳಿರಿ. ಊಟದ ಜೊತೆಯಾದರೆ ಹೊಟ್ಟೆಗೂ ಹಿತ” ಎಂದರು. ಅಷ್ಟೇ! ಬೆಳಿಗ್ಗೆ ಸೂರ್ಯೋದಯದ ಎರಡು ಘಳಿಗೆಯ ಮೇಲೆ ಬರಿಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಒಂದು ತಾಸು ಬಿಟ್ಟು ನಾಷ್ಟಾ, ಸಂಜೆಯ ಊಟಕ್ಕೆ ಮೆಗ್ನೀಷಿಯಂ ಒಂದೇ ಮಾತ್ರೆ. ಉಪವಾಸದ ದಿನ ಮೆಗ್ನೀಷಿಯಂ ಬಿಟ್ಟರೆ ಏನೂ ಆಗದು, ಥೈರಾಯ್ಡಿನದನ್ನು ಮಾತ್ರ ತಮ್ಮನ್ನು ಕೇಳದೆ ಬಿಡಬಾರದೆಂದರು. ಎರಡು ತಿಂಗಳ ಮೇಲೆ ನೋಡಿದಾಗ ಅಂಕಿ 4ಕ್ಕೆ ಇಳಿದಿತ್ತು. ಅಕ್ಕ ಮತ್ತೆ ಸಿಟ್ಟು ಮಾಡತೊಡಗಿದಳು, ನಮಗೆ ಎಷ್ಟು ಸಂತೋಷವಾಯಿತೆಂದರೆ!

ಅದೇ ಭೇಟಿಯಲ್ಲಿ ಅವರು ಕೇಳಿದ ಬೇರೆ ಪ್ರಶ್ನೆಗಳನ್ನೂ ಇಲ್ಲಿ ಬರೆಯುತ್ತೇವೆ, ನಿಮ್ಮನ್ನು ಯಾರೂ ಕೇಳದಿದ್ದರೆ ನೀವೇ ಹೇಳಿಕೊಳ್ಳಲೆಂದು. ಮೂತ್ರಪಿಂಡ ದುರ್ಬಲವಿದೆಯೇ? ಇದ್ದರೆ ಮೆಗ್ನೀಷಿಯಂ ಮೈಯಲ್ಲೇ ಉಳಿದು ಅಪಾಯ. 78 ವರ್ಷದ ನಮ್ಮ ಅತ್ತೆಯವರೂ “ನನಗೊಂದು ಕೊಡ್ರಿ, ನಿದ್ದಿ ಇಲ್ಲ” ಎಂದು ಕೇಳುತ್ತಿದ್ದರು. ಅವರ ಕಾಗದ ನೋಡಿದ ಡಾಕ್ಟರಬಾಯಿ ಖಡಾಖಂಡಿತ ಬೇಡವೆಂದರು. ಎಲುಬು ಸವೆತದ ಮಾತ್ರೆಗಾಗಲಿ, ಕೆಲವು ಆಂಟಿಬಯಾಟಿಕ್ ಗುಳಿಗೆಗಾಗಲಿ ಇದು ಅಡ್ಡ ಬರುತ್ತದೆ. ಹೊಟ್ಟೆಯುರಿಯ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಮೆಗ್ನೀಷಿಯಂ ತಾನೇ ಇಳಿಯಬಹುದು. ಕೊನೆಯ ಪ್ರಶ್ನೆ: ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿದೆಯೇ? ಒಂದು ಹನಿ ಕಂಡರೂ ನಾಚಿಕೆ ಬಿಟ್ಟು ಬರಬೇಕೆಂದು ಎರಡೆರಡು ಸಲ ಹೇಳಿದರು.

ಮನೆಗೆ ಬಂದು ನಮ್ಮ ಉಗ್ರಾಣದ ಕಡೆಗೊಮ್ಮೆ ನೋಡಿದೆವು. ನೂರು ಗ್ರಾಂ ಜೋಳದಲ್ಲಿ ಸುಮಾರು 130 ಮಿ.ಗ್ರಾಂ. ಮೆಗ್ನೀಷಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 20ರ ಆಸುಪಾಸು. ಎಳ್ಳು, ಅಗಸಿಯಲ್ಲಿ ಮುನ್ನೂರರ ಮೇಲೆ. ಊರಿಗೆಲ್ಲ ಮಾಲದಂಡಿ ಜೋಳ ಮಾರುವ ಮನೆಯಲ್ಲಿ ಸಂಜೆಗೆ ಬೇಗ ಆಗಲೆಂದು ಅನ್ನ, ಬ್ರೆಡ್ಡು, ಬಿಸ್ಕೀಟಿಗೆ ಇಳಿದಿದ್ದೆವು! ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೆ ಅಗಸಿ ಚಟ್ನಿ, ಶೇಂಗಾ ಚಟ್ನಿ, ಹೆಸರುಕಾಳು ಇವೆಯಲ್ಲ. ಈಗ ಸಂಜೆಯೂ ಎರಡು ರೊಟ್ಟಿ ಬಡಿಯುತ್ತೇವೆ. ಇದರಿಂದ ನಿದ್ದೆ ಬಂತೆಂದು ಹೇಳುವುದಿಲ್ಲ. ಮಕ್ಕಳು ಗೊಣಗುತ್ತಾರೆ, ತಿನ್ನುತ್ತಾರೆ.

ಅಕ್ಕನ ಝಳ ಇನ್ನೂ ಪೂರ್ತಿ ಹೋಗಿಲ್ಲ. ಹೊತ್ತು ಮುಳುಗುವ ಮುನ್ನ ನೀರು ಹೆಚ್ಚು ಕುಡಿಯುತ್ತಾಳೆ, ನಿಯಮ ಬಿಟ್ಟಿಲ್ಲ. ಝಳಕ್ಕೆ ಎಲ್ಲಕ್ಕಿಂತ ಹೆಚ್ಚು ಗುಣ ಕೊಡುವುದು ಈಸ್ಟ್ರೋಜನ್ ಚಿಕಿತ್ಸೆ, ಎಲ್ಲರಿಗೂ ಸಲ್ಲದು, ನಿಮಗೆ ಸಲ್ಲುತ್ತದೆ ಎಂದು ಡಾಕ್ಟರಬಾಯಿ ಹೇಳಿದ್ದಾರೆ. ಅಕ್ಕ ಈಗ ಮೊದಲಿನ ಅಕ್ಕನಲ್ಲ, “ಅದನ್ನ ಯಾತರಿಂದ ಮಾಡಿರ್ತಾರ್ರಿ?” ಎಂದು ಮೊದಲೇ ಕೇಳಿದಳು. 1942ರಿಂದ ಅಮೆರಿಕದಲ್ಲಿ ನಡೆದುಬಂದ ಒಂದು ಬಗೆಯನ್ನು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆಯುತ್ತಾರಂತೆ. ಅದು ಬೇಡವಾದರೆ ಸೋಯಾ ಅಥವಾ ಕಾಡುಗೆಣಸಿನ ಸತ್ವದಿಂದ ಮಾಡಿದ್ದೂ ಇದೆ ಎಂದರು.

“ಗೆಣಸಂದ್ರ ಕಂದಮೂಲ ಅಲ್ಲೇನ್ರಿ?” ಎಂದಳು ಅಕ್ಕ.

ಡಾಕ್ಟರಬಾಯಿ ಆಗ ಮಾತ್ರ ನಕ್ಕರು. ಸೋಯಾದಿಂದ ಮಾಡಿದ್ದು ಯಾವುದೆಂದು ವಿಚಾರಿಸಿ ತಿಳಿಸುತ್ತೇನೆಂದಿದ್ದಾರೆ. ಅಕ್ಕ ಇನ್ನೂ ಮನಸ್ಸು ಮಾಡಿಲ್ಲ. ರಾತ್ರಿ ಎಚ್ಚರವಾದರೆ ಮೊದಲಿನಂತೆ ಒಬ್ಬಳೇ ಮಾಳಿಗೆ ಏರುವುದಿಲ್ಲ, ನಮ್ಮ ಬಾಗಿಲನ್ನು ಮೆಲ್ಲಗೆ ಬಡಿದು ಹೋಗುತ್ತಾಳೆ.